ಒಣ ಏಪ್ರನ್

‘ನಡೀರಿ ಒಳಗೆ. ಗಟಾರದಲ್ಲಿ ಬಿದ್ದೆದ್ದ ಹಂದಿಗಳ ಥರ ಇದ್ದೀರ. ಈ ಮುಖ ನೋಡಿದ್ರೆ ಗಿರಾಕಿಗೆ ತಿಂದಿದ್ದೆಲ್ಲ ವಾಪಸ್ ಬರುತ್ತೆ.’

ಇಂಥ ಮಾತು ಆಡುವಾಗ ಅಮಾರು ದನಿ ಎತ್ತುವುದಿಲ್ಲ. ಊಟದ ಹಾಲ್‌ನಲ್ಲಿ ವೈನಿನ ಬಗ್ಗೆ ಹೇಳುವಾಗ ಇರುವ ಅದೇ ಮೆತ್ತಗಿನ ದನಿ. ಅವನು ನಮ್ಮ ರೆಸ್ಟೊರೆಂಟಿನ ಮ್ಯಾನೇಜರ್. ತಂಪು ಕೋಣೆಯ ದಪ್ಪ ಬಾಗಿಲನ್ನು ಹಿಡಿದು ನಿಂತಿದ್ದ. ಪಾತ್ರೆ ತೊಳೆಯುವ ಜುಲ್ಮೀರಾ ಮತ್ತು ಮಮಾದು ಕೈಯ ನೊರೆ ಕೊಡವಿಕೊಂಡು ಒಳಗೆ ಹೋದರು. ಇಬ್ಬರ ಏಪ್ರನ್ನೂ ಎದೆಯಿಂದ ಮೊಣಕಾಲಿನವರೆಗೆ ತೊಯ್ದಿತ್ತು. ಬಾಗಿಲು ಮುಚ್ಚಿತು. ತೊಟ್ಟಿಗಳ ಮುಂದೆ ಪರದೆ ಎಳೆದಾಯಿತು. ಆಮೇಲೆ ಎರಡನೆಯ ಮೇಜಿನ ಗಿರಾಕಿಗಳು ಅಡುಗೆಮನೆ ನೋಡಲು ಬಂದರು.

ನಾನು ಹೊರಗೇ ಕುಳಿತಿದ್ದೆ. ನನ್ನ ಏಪ್ರನ್ ಬೆಳ್ಳಗೆ, ಒಣಗಿಕೊಂಡಿತ್ತು.

ಲಿಸ್ಬನ್‌ನಲ್ಲಿ ನಮ್ಮಂಥ ರೆಸ್ಟೊರೆಂಟುಗಳಿಗೆ ಜನ ಹಸಿವಾಯಿತೆಂದು ಬರುವುದಿಲ್ಲ. ಇಲ್ಲಿರುವುದು ಏಳು ಮೇಜು. ಮಧ್ಯಾಹ್ನ ಒಂದಕ್ಕೆ ಕುಳಿತವರು ಐದಕ್ಕೆ ಏಳುತ್ತಾರೆ. ಅಷ್ಟರಲ್ಲಿ ಹದಿನಾಲ್ಕು ಬಗೆ ಬರುತ್ತದೆ, ಒಂದೊಂದೂ ಒಂದು ತುತ್ತು. ಗಾಜಿನ ಗುಮ್ಮಟ ಎತ್ತಿದರೆ ಹೊಗೆ, ಹೊಗೆಯೊಳಗೆ ಒಂದು ಸಿಂಪಿ. ಒಂದು ಬಟ್ಟಲು ಬೆಣಚುಕಲ್ಲು, ಅದರಲ್ಲಿ ತಿನ್ನುವಂಥದ್ದು ಒಂದೇ ಒಂದು. ಹುಡುಕಿ ಸಿಕ್ಕಾಗ ದೊಡ್ಡವರೂ ಮಕ್ಕಳಂತೆ ಚಪ್ಪಾಳೆ ತಟ್ಟುತ್ತಾರೆ. ಎಂಟನೆಯದು ಮುಗಿದ ಮೇಲೆ ಪ್ರತಿ ಮೇಜಿನವರನ್ನೂ ಅಡುಗೆಮನೆಗೆ ಕರೆತರುವುದು ಶೆಫ್ ಗಸ್ಪಾರ್‌ನ ಪದ್ಧತಿ. ಒಂಬತ್ತನೆಯದು ಹದಿನಾಲ್ಕು ದಿನ ತೂಗುಹಾಕಿ ಹದಗೊಳಿಸಿದ ಬಾತುಕೋಳಿ. ಅದರ ಕಥೆಯನ್ನು ಅವನು ಒಲೆಯ ಮುಂದೆಯೇ ನಿಂತು ಹೇಳಬೇಕು. ಆ ಹೊತ್ತಿನಲ್ಲಿ ಎಂಜಲು ತಟ್ಟೆಯಾಗಲಿ, ಅದನ್ನು ತೊಳೆಯುವವರಾಗಲಿ ಕಾಣಕೂಡದು. ಅಡುಗೆಮನೆಗೆ ಹಿಂಬಾಗಿಲಿಲ್ಲ. ಹಾಗಾಗಿ ಬಾತುಕೋಳಿಗಳ ಜೊತೆ ತಂಪು ಕೋಣೆ. ಏಳು ಮೇಜು, ದಿನಕ್ಕೆ ಏಳು ಸಲ.

ನನ್ನನ್ನು ಮಾತ್ರ ತೋರಿಸುತ್ತಾರೆ. ನಾನು ಗ್ಲಾಸು ಒರೆಸುವವಳು. ಆವಿ ಹಿಡಿದು, ಬಟ್ಟೆಯಲ್ಲಿ ಉಜ್ಜಿ, ಬೆಳಕಿಗೆ ಎತ್ತಿ ನೋಡಿ ಇಡುತ್ತೇನೆ. ಗಸ್ಪಾರ್ ನನ್ನ ಭುಜದ ಮೇಲೆ ಕೈಯಿಟ್ಟು ಹೇಳುತ್ತಾನೆ: ‘ಇವರು ನಮ್ಮ ಎರ್ಮೆಲಿಂಡಾ ಅಜ್ಜಿ. ಕೇಪ್ ವರ್ಡೆ ದ್ವೀಪಗಳವರು, ಕಾಲೇಜು ಓದಿದವರು. ನಿಮ್ಮ ಒಂದೊಂದು ಗ್ಲಾಸೂ ಇವರ ಕೈ ದಾಟಿ ಬರುತ್ತೆ.’ ಗಿರಾಕಿಗಳು ನನ್ನನ್ನು ನೋಡಿ ಕರಗುತ್ತಾರೆ. ನನ್ನ ಮಂಡಿ ನೋವನ್ನು ಕಂಡು, ಕೇಳದೆಯೇ ಕುರ್ಚಿ ತರಿಸಿಕೊಟ್ಟವನೂ ಅವನೇ. ಅಡುಗೆಮನೆಯಲ್ಲಿ ಇರುವುದು ಅದೊಂದೇ ಕುರ್ಚಿ. ತಂಪು ಕೋಣೆಯ ಗೋಡೆಗೆ ಒರಗಿಸಿ ಹಾಕಿದ್ದಾರೆ.

ಫೆಬ್ರವರಿಯಲ್ಲಿ ಜುಲ್ಮೀರಾಳ ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಅವಳದೂ ನನ್ನದೂ ಒಂದೇ ನಾಡು, ಬೇರೆ ಬೇರೆ ದ್ವೀಪ. ನದಿಯ ಆಚೆ ದಡದಿಂದ ಬೆಳಗಿನ ದೋಣಿಯಲ್ಲಿ ಬರುತ್ತಾಳೆ. ಜೋಳ, ಹುರುಳಿಕಾಯಿ ಬೀಜ ಬೇಯಿಸಿದ ಕಚೂಪಾವನ್ನು ಡಬ್ಬಿಯಲ್ಲಿ ತಂದು, ನಾನು ಕೇಳುವ ಮೊದಲೇ ಅರ್ಧ ನನಗೆ ಸುರಿಯುತ್ತಾಳೆ. ಮತ್ತೊಮ್ಮೆ ತಣ್ಣಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಅಮಾರು ಅದನ್ನು ಪೂರ್ತಿ ಓದಿದ. ನಾಲ್ಕಾಗಿ ಮಡಚಿದ. ತರಕಾರಿ ಹೆಚ್ಚುವ ಮೇಜಿನ ಒಂದು ಕಾಲು ಅಲುಗಾಡುತ್ತಿತ್ತು. ಬಗ್ಗಿ ಅದರ ಅಡಿಗೆ ಇಟ್ಟ.

‘ತಂಪು ಆಗಿಬರಲ್ವಾ? ನಿಮ್ಮೂರು ಚೆನ್ನಾಗಿ ಬಿಸಿ ಇದೆಯಂತಲ್ಲ. ಹೊರಡು.’

ಜುಲ್ಮೀರಾ ನಮ್ಮ ಮಾತಿನಲ್ಲಿ, ನಗುತ್ತಲೇ, ‘ನಿಮ್ಮವ್ವನ್ನ ಕೂಡಿಹಾಕೋ ಅದ್ರಲ್ಲಿ, ಬೋಳಿಮಗನೆ’ ಅಂದಳು. ಅವನು ಆಗಲೇ ಹಾಲ್‌ಗೆ ಹೋಗಿದ್ದ. ಅವಳ ವಾಸದ ಕಾರ್ಡಿನ ಅವಧಿ ಸೆಪ್ಟೆಂಬರಿಗೆ ಮುಗಿಯುತ್ತದೆ. ಕೈಯಲ್ಲಿ ಕೆಲಸವಿದೆ ಎಂಬ ಕಾಗದವಿಲ್ಲದೆ ಹೊಸದು ಕೊಡುವುದಿಲ್ಲ. ಅದಕ್ಕೇ ಅವಳು ಹೊರಡಲಿಲ್ಲ.

ಅವತ್ತು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದಳು. ‘ಲಿಂಡಕ್ಕ, ನನ್ ಮಾತು ಯಾವನ್ ಕೇಳ್ತಾನೆ. ನೀನು ಓದ್ದೋಳು. ಆ ಗಸ್ಪಾರಂಗೆ ನೀನೊಂದ್ ಮಾತು ಹೇಳು. ಆ ಕೋಣೆ ಒಂದ್ ಬಿಟ್ಟು ಎಲ್ಲಿ ನಿಲ್ಲು ಅಂದ್ರೂ ನಿಲ್ತೀನಿ. ಕಕ್ಕಸಲ್ ನಿಲ್ಲು ಅಂದ್ರೂ ನಿಲ್ತೀನಿ.’

ಹೇಳುತ್ತೇನೆ ಅಂದೆ. ಸೋಮವಾರ ಗಸ್ಪಾರ್ ಅವಸರದಲ್ಲಿದ್ದ. ಬುಧವಾರ ಅವನೇ ಬಂದು ನನ್ನ ಮಂಡಿ ಹೇಗಿದೆ ಎಂದು ವಿಚಾರಿಸಿದ. ಅಂಥ ಹೊತ್ತಿನಲ್ಲಿ ಹೇಗೆ ಹೇಳುವುದು ಅನ್ನಿಸಿತು. ಹೀಗೆ ಎರಡು ವಾರ ಕಳೆಯಿತು. ಜುಲ್ಮೀರಾ ಮತ್ತೆ ಕೇಳಲಿಲ್ಲ. ಕಚೂಪಾ ಕೊಡುವುದನ್ನೂ ನಿಲ್ಲಿಸಲಿಲ್ಲ.

ಆ ನಡುವೆ ಕೋಣೆಯ ಒಳಗಿನ ಹಿಡಿ ಕಿತ್ತುಬಂತು. ಹೊರಗಿನಿಂದ ತೆಗೆದರಷ್ಟೇ ಬಾಗಿಲು. ರಿಪೇರಿಯವನಿಗೆ ಹೇಳಿದ್ದೇನೆ ಎಂದ ಅಮಾರು. ಒಳಗಿದ್ದವರು ಗೋಡೆ ಬಡಿಯುತ್ತಿದ್ದರು. ಫ್ಯಾನುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳದು. ನನಗೆ ಕಿವಿಯಲ್ಲಿ ಕೇಳುತ್ತಿರಲಿಲ್ಲ, ಬೆನ್ನಿನಲ್ಲಿ ಕೇಳುತ್ತಿತ್ತು.

ಶುಕ್ರವಾರ ಕೊನೆಯ ಮೇಜಿನಲ್ಲಿ ಎಂಟು ಮಂದಿ. ಜುಲ್ಮೀರಾಗೆ ಬೆಳಗಿನಿಂದ ಕೆಮ್ಮು. ಪರದೆ ಎಳೆಯುವ ಮುನ್ನ ಸಾಸು ಮಾಡುವ ಬೆನೆದೀತಾ ಇಕ್ಕಳದಿಂದ ಒಲೆಯೊಳಗಿನ ಎರಡು ಬಿಸಿ ಆಲೂಗಡ್ಡೆ ತೆಗೆದು ಜುಲ್ಮೀರಾಳ ಏಪ್ರನ್ ಜೇಬಿಗೆ ಹಾಕಿದಳು. ಲೆಕ್ಕದ ಪ್ರಕಾರ ಅವು ಹತ್ತನೆಯ ಬಗೆಗೆ ಬೇಕಾದವು. ಅಮಾರು ನೋಡಿದ್ದರೆ ಅವಳ ಕೆಲಸವೂ ಹೋಗುತ್ತಿತ್ತು.

ಬಾಗಿಲು ಮುಚ್ಚಿತು. ಎಂಟು ಮಂದಿ ಬಂದರು. ಸಾಮಾನ್ಯವಾಗಿ ಐದು ನಿಮಿಷ. ಇವರು ಕುತೂಹಲದವರು, ಒಳ್ಳೆಯವರು, ಎಲ್ಲವನ್ನೂ ಕೇಳುವವರು. ಒಲೆಗೆ ಯಾವ ಕಟ್ಟಿಗೆ, ಉಪ್ಪು ಎಲ್ಲಿಯದು, ಬಾತುಕೋಳಿಗೆ ಏನು ಮೇವು. ಗಸ್ಪಾರ್‌ನಿಗೆ ಉತ್ಸಾಹ ಬಂತು. ಗೋಡೆಯ ಗಡಿಯಾರದಲ್ಲಿ ಹದಿನೈದು ನಿಮಿಷವಾಯಿತು. ನನ್ನ ಬೆನ್ನಿಗೆ ಬಡಿತ ತಾಕುತ್ತಿತ್ತು. ಮೊದಲು ಮೂರು ಮೂರು. ಆಮೇಲೆ ಎಣಿಸಲಾಗದಂತೆ. ನಾನು ಅಮಾರುವಿನ ಕಡೆ ನೋಡಿದೆ. ಅವನು ಹುಬ್ಬಿನಲ್ಲೇ, ಗ್ಲಾಸು ಒರೆಸು ಎಂದ. ಒರೆಸಿದೆ.

ಬಡಿತ ನಿಂತಿತು.

ಆಗಲೇ ಗಸ್ಪಾರ್‌ನ ಕೈ ನನ್ನ ಭುಜದ ಮೇಲೆ ಬಂತು. ‘ಇವರು ನಮ್ಮ ಎರ್ಮೆಲಿಂಡಾ ಅಜ್ಜಿ.’ ಹಸಿರು ಶಾಲು ಹೊದ್ದ ಒಬ್ಬಾಕೆ ನನ್ನತ್ತ ಬಾಗಿ, ನಿಜವಾದ ಅಕ್ಕರೆಯಿಂದಲೇ ಕೇಳಿದಳು: ‘ಇಲ್ಲಿ ಕೆಲಸ ಮಾಡೋದು ಖುಷಿನಾ ಅಜ್ಜಿ?’

ಗ್ಲಾಸನ್ನು ಮೇಜಿನ ಮೇಲಿಟ್ಟೆ. ಎದ್ದೆ.  ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತದ್ದರಲ್ಲಿ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಎರಡು ಹೆಜ್ಜೆ ನಡೆದು, ಬಾಗಿಲಿನ ಹಿಡಿಯನ್ನು ಎರಡೂ ಕೈಯಿಂದ ಎಳೆದೆ.

ಬೆಳ್ಳನೆಯ ಆವಿ ನೆಲದ ಮೇಲೆ ಹರಿದು ಬಂತು. ಅದರ ಹಿಂದೆ ಕೊಕ್ಕೆಗಳಲ್ಲಿ ತಲೆಕೆಳಗಾಗಿ ಸಾಲು ಬಾತುಕೋಳಿಗಳು. ಅವುಗಳ ನಡುವೆ ಮಮಾದು ಬರಿಮೈಯಲ್ಲಿ ನಿಂತಿದ್ದ. ಅವನ ಅಂಗಿ ಜುಲ್ಮೀರಾಳ ಮೈಮೇಲಿತ್ತು. ಅವಳನ್ನು ಎದೆಗೆ ಒರಗಿಸಿಕೊಂಡು ಎತ್ತಿ ಹಿಡಿದಿದ್ದ. ಅವಳ ಒಂದೊಂದು ಮುಷ್ಟಿಯಲ್ಲಿ ಒಂದೊಂದು ಆಲೂಗಡ್ಡೆ. ತುಟಿ ನೇರಳೆಯಾಗಿತ್ತು.

 ಗಿರಾಕಿಗಳಲ್ಲಿ ಹಿಂದಿದ್ದ ಗಂಡಸೊಬ್ಬ ಮೆಲ್ಲಗೆ, ‘ಓ, ಒಂಬತ್ತನೇದು, ಬಾತುಕೋಳಿ’ ಅಂದ. ಹಸಿರು ಶಾಲಿನಾಕೆ ಚಪ್ಪಾಳೆ ತಟ್ಟಿದಳು. ಎಂಟೂ ಮಂದಿ ತಟ್ಟಿದರು. ಯಾರೋ ಫೋನ್ ಎತ್ತಿ ಹಿಡಿದರು. ಗಸ್ಪಾರ್ ನನ್ನನ್ನು ನೋಡಿದ, ಅವರನ್ನು ನೋಡಿದ, ತಲೆಯನ್ನು ಸ್ವಲ್ಪ ಬಾಗಿಸಿ ವಂದಿಸಿದ.

ಜುಲ್ಮೀರಾ ಮಮಾದುವಿನ ತೋಳು ಬಿಡಿಸಿಕೊಂಡಳು. ಆಲೂಗಡ್ಡೆಗಳು ಕೈಯಿಂದ ಜಾರಿ ಉರುಳಿದವು. ಆವಿಯೊಳಗಿಂದ ಒಂದೊಂದೇ ಹೆಜ್ಜೆ ಇಟ್ಟು ಬಂದು, ಚಪ್ಪಾಳೆ ತಟ್ಟುತ್ತಿದ್ದ ಆಕೆಯ ಎರಡು ಕೈಗಳನ್ನು ತನ್ನ ಎರಡು ಕೈಯೊಳಗೆ ಹಿಡಿದುಕೊಂಡಳು. ಶಾಲಿನಾಕೆ ಬೆಚ್ಚಿದಳು. ಚಪ್ಪಾಳೆ ಒಬ್ಬೊಬ್ಬರದಾಗಿ ನಿಂತಿತು.

‘ಇದೂ ತಿನ್ನೋದಾ?’ ಎಂದು ಜುಲ್ಮೀರಾ ಕೇಳಿದಳು. ಎಲ್ಲರಿಗೂ ತಿಳಿಯುವಂತೆ ಪೋರ್ಚುಗೀಸಿನಲ್ಲೇ ಕೇಳಿದಳು. ‘ಹಿಡ್ಕೊ. ಬಿಡಬೇಡ. ನಾನು ಬೆಚ್ಚಗಾಗೋವರ್ಗೂ ಹಿಡ್ಕೊ.’

ಆಕೆ ಕೈ ಎಳೆದುಕೊಳ್ಳಲು ನೋಡಿದಳು. ಜುಲ್ಮೀರಾ ಬಿಡಲಿಲ್ಲ. ಕೆಮ್ಮು ಬಂತು, ಮೈಯೆಲ್ಲ ನಡುಗಿತು, ಆಗಲೂ ಬಿಡಲಿಲ್ಲ. ಬೆನೆದೀತಾ ಒಲೆ ಆರಿಸಿದಳು.

ಅಮಾರು ಬಾಗಿಲು ಮುಚ್ಚಲು ಬಂದ. ಒಳಗೆ ಮಮಾದು ಇನ್ನೂ ನಿಂತಿದ್ದ. ‘ಮುದಿ ಗೂಬೆ, ಸರಿ ಆಚೆ,’ ಎಂದ ಅದೇ ಮೆತ್ತಗಿನ ದನಿಯಲ್ಲಿ. ನಾನು ನನ್ನ ಕುರ್ಚಿಯನ್ನು ಎಳೆದು ಹೊಸ್ತಿಲ ಮೇಲೆ ಅಡ್ಡ ಹಾಕಿ, ಕೈಯಿಂದ ಅದರ ಬೆನ್ನನ್ನು ಬಿಗಿಯಾಗಿ ಹಿಡಿದು ನಿಂತೆ. ಅವನು ಬಾಗಿಲನ್ನು ತಳ್ಳಿದ. ಕುರ್ಚಿಯ ಮರ ಕಿರುಗುಟ್ಟಿತು. ಇನ್ನೊಮ್ಮೆ ತಳ್ಳಿದ.