ಎರಡು ಕಿಲೋ ಸುಳ್ಳು

ಡಯಾಲಿಸಿಸ್ ಮಷಿನ್ನಿನ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ ಜಟ್ಟೆಪ್ಪನ ಹಣೆಯಲ್ಲಿ ಬೆವರೊಡೆದಾಗ ಸಾಬವ್ವ ಮಡಿಲಲ್ಲಿದ್ದ ಚೀಲವನ್ನು ಅವುಚಿಕೊಂಡಳು. ಅದರಲ್ಲಿ ಅವಳು ಕಾಯಿಪಲ್ಲೆ ತೂಗುವ ಒಂದೊಂದು ಕಿಲೋದ ಎರಡು ಕಲ್ಲುಗಳಿದ್ದವು. ಎರಡು ತಾಸಿನ ಹಿಂದೆ ಗಂಡ ತೂಕದ ಕಾಟಾದ ಮೇಲೆ ನಿಂತಾಗ ಅವು ಅವನ ಚಣ್ಣದ ಕಿಸೆಯಲ್ಲಿದ್ದವು.

ಮುದುಕನದೇ ಉಪಾಯ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವನು. ಅಲ್ಲಿ ಆಳು ಆರಿಸುವ ಮುಕಾದಮ ಯಾರನ್ನಾದರೂ ‘ಕಮ್ಜೋರ್’, ಶಕ್ತಿಗುಂದಿದವ ಎಂದರೆ ಮರುದಿನ ಅವನು ಹಮಾಲರ ಟೋಳಿಯಲ್ಲಿಲ್ಲ. ಹೋದ ವಾರ ಡಯಾಲಿಸಿಸ್ ಡಾಕ್ಟರು ಇವನನ್ನು ಕೈಯೂರದೆ ಕುರ್ಚಿಯಿಂದ ಏಳಿಸಿ, ನಾಲ್ಕು ಹೆಜ್ಜೆ ನಡೆಸಿ, ತೂಕ ಇಳಿದದ್ದು ನೋಡಿ, ಕಾರ್ಡಿನ ಮೇಲೆ ಗೀಚುತ್ತ ಅದೇ ಮಾತಾಡಿದ್ದರು: “ಬಾಬಾ ಕಮ್ಜೋರ್ ಹೋ ಗಯೇ.” ಮಷಿನ್ನಿನಿಂದ ತನ್ನನ್ನು ತೆಗೆದೇಬಿಡುತ್ತಾರೆಂದು ಜಟ್ಟೆಪ್ಪ ಕಂಗಾಲಾದ. ಬೇಡ ಎನ್ನಬೇಕಾದ ಸಾಬವ್ವ ತಾನೇ ಕಲ್ಲು ತಂದುಕೊಟ್ಟಳು. ಇಬ್ಬರ ಬುದ್ಧಿಯೂ ಅಷ್ಟಕ್ಕಷ್ಟೆ.

“ಸಿಸ್ಟರ್, ಇವ್ರು ಒಂದs ಸವನ ಆಕಳಿಸಾಕ ಹತ್ಯಾರ,” ಎಂದು ಸಾಬವ್ವ ಕೂಗಿದಳು.

ಸಿಸ್ಟರ್ ಜಯಲತಾ ಉಡುಪಿ ಕಡೆಯವರು. ಬಿಪಿ ನೋಡಿದರು. ಎಂಬತ್ತು. “ಇವತ್ತು ತೂಕ ಜಾಸ್ತಿ ಇತ್ತಲ್ಲ, ಅದಕ್ಕೇ ಮೂರೂವರೆ ಲೀಟರ್ ನೀರು ತೆಗಿಲಿಕ್ಕೆ ಇಟ್ಟದ್ದು. ಅಜ್ಜ ತುಂಬ ನೀರು ಕುಡಿದ್ರಾ?”

ತೂಕ ಹೆಚ್ಚಿದಷ್ಟೂ ನೀರು ಎಳೆಯುತ್ತಾರೆಂದು ಸಾಬವ್ವನಿಗೆ ಯಾರು ಹೇಳಿದ್ದರು? ಕಲ್ಲಿನ ತೂಕವನ್ನು ಮಷಿನ್ನು ಗಂಡನ ಮೈಯಿಂದ ಹಿಂಡುತ್ತಿತ್ತು. ಹೇಳಿದರೆ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಇಲ್ಲೇ ಸಾಯುತ್ತಾನೆ. ಜಟ್ಟೆಪ್ಪ ಹೇಳಬೇಡವೆಂದು ಕಣ್ಸನ್ನೆ ಮಾಡಿದ. ಅಷ್ಟರಲ್ಲೇ ಅವನ ಕಣ್ಣು ಮೇಲಾಯಿತು.

“ಅದು ಸುಳ್ಳು ತೂಕರೀ ಯವ್ವಾ!” ಸಾಬವ್ವ ಚೀಲ ಸುರಿದಳು. “ಇವನ್ನ ಕಿಸೇದಾಗ ಇಟ್ಕೊಂಡು ನಿಂತಿದ್ರು. ನೀರು ಎಳೀಬ್ಯಾಡ್ರಿ!”

ಕಲ್ಲು ಬಿದ್ದ ಸದ್ದಿಗೆ ಇಡೀ ವಾರ್ಡು ತಿರುಗಿತು. ಜಯಲತಾ ಬೈಯಲೂ ನಿಲ್ಲಲಿಲ್ಲ. ನೀರೆಳೆಯುವುದನ್ನು ನಿಲ್ಲಿಸಿ, ಜಟ್ಟೆಪ್ಪನ ತಲೆ ತಗ್ಗಿಸಿ ಕಾಲು ಎತ್ತರಿಸಿ, ಸಲೈನ್ ಬಿಟ್ಟರು. ಸಾಬವ್ವ ಗಂಡನ ಪಾದ ತಿಕ್ಕುತ್ತ ಕೂತಳು. ಅಷ್ಟು ತಣ್ಣಗಿನ ಪಾದವನ್ನು ಅವಳು ಹೆಣದಲ್ಲಷ್ಟೇ ಮುಟ್ಟಿದ್ದಳು.

ಹತ್ತು ನಿಮಿಷಕ್ಕೆ ಬಿಪಿ ನೂರಾಯಿತು. ಆಗ ಬೈದರು ಜಯಲತಾ, ಮನಸಾರೆ ಬೈದರು. “ಕಮ್ಜೋರ್ ಅಂತ ಬರೆದದ್ದು ನಿಮ್ಮನ್ನು ತೆಗೆದುಹಾಕ್ಲಿಕ್ಕಲ್ಲ ಮಾರಾಯ್ರೆ, ಇನ್ನೂ ಚೆನ್ನಾಗಿ ನೋಡಿಕೊಳ್ಳಲಿಕ್ಕೆ!”

ಸೂಜಿ ತೆಗೆದು ಪಟ್ಟಿ ಕಟ್ಟಿದ ಮೇಲೆ ಜಟ್ಟೆಪ್ಪ ಹಾಸಿಗೆಯಂಚಿಗೆ ಸರಿದು ಕೂತ. ಮುಟ್ಟಿದರೆ ಸಿಡುಕುತ್ತಾನೆಂದು ಸಾಬವ್ವ ಎರಡು ಹೆಜ್ಜೆ ದೂರವೇ ನಿಂತಳು.

“ಅಲ್ಯಾಕ ನಿಂತೀ?” ಎಂದು ಗದರಿಸಿದ. ಆಮೇಲೆ ಕೈ ಚಾಚಿದ. “ಬಂದು ಹಿಡ್ಕೊ. ಬೀಳ್ತೀನಿ ನಾ.”