ಏಳನೇ ವಿಷಯ

ಮೀನು, ಅದರ ಪಕ್ಕದಲ್ಲಿ ಇನ್ನೊಂದು ಮೀನು, ಮೂರನೆಯದಕ್ಕೆ ಕನ್ನಡಕ ಬೇರೆ — ಯಾವ ಸದಸ್ಯರ ಕೈಚಳಕವೋ, ಎರಡು ಗಂಟೆ ಕೂತು ಮಸೂದೆಯ ಪ್ರತಿಯ ಅಂಚಿನಲ್ಲಿ ಬಿಡಿಸಿದ್ದಾರೆ, ಒಳಗಿನ ಪುಟ ತಿರುಗಿಸಿದ ಗುರುತೇ ಇಲ್ಲ, ಸಭೆ ಮುಗಿದು ಕಾಲು ಗಂಟೆಯಾಯಿತು, ನಾನಿನ್ನೂ ಕಾಗದ ಆಯುತ್ತಿದ್ದೇನೆ, ಸಮಿತಿಯ ಕಾರ್ಯದರ್ಶಿ ಮಾಡುವ ಕೆಲಸವಲ್ಲ ಇದು, ಜವಾನ ಮಾಡುತ್ತಾನೆ, ಆದರೆ ಕೆಳಗಿಳಿದರೆ ಬೆಂಚಿನ ಮೇಲೆ ಅಕ್ಕ ಕೂತಿರುತ್ತಾಳೆ. ಲೋಟಗಳನ್ನೂ ಜೋಡಿಸಿಬಿಡೋಣ. ಹನ್ನೊಂದು ಪುಟದ ಮಸೂದೆ, ಜನರಿಂದ ಠೇವಣಿ ಎತ್ತುವ ಕಂಪನಿಗಳನ್ನು ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪಾಸಣೆ ಮಾಡಬೇಕು ಅಂತ, ಅಷ್ಟೇ, ಸಮಿತಿಗೆ ಬಂದು ನಾಲ್ಕು ವರ್ಷ, ನಮ್ಮ ವರದಿಯಿಲ್ಲದೆ ಸದನಕ್ಕೆ ಹೋಗುವಂತಿಲ್ಲ, ನಾಳೆ ಸದನದ ಅವಧಿಯೇ ಮುಗಿಯುತ್ತದೆ, ಅದರ ಜೊತೆಗೆ ಮಸೂದೆಯೂ. ಅಧ್ಯಕ್ಷರು ಒಂದು ದಿನವೂ ವಿರೋಧಿಸಲಿಲ್ಲ, ಒಳ್ಳೇ ಮಸೂದೆ ಕಣ್ರೀ, ಅವಸರ ಬೇಡ ಅಷ್ಟೆ, ಅನ್ನುತ್ತಲೇ ಪ್ರತಿ ಸಲವೂ ಪಟ್ಟಿಯ ಕೊನೆಗೆ ತಳ್ಳಿದರು, ಇವತ್ತು ಏಳನೇ ವಿಷಯ, ತಳ್ಳು ಅಂದದ್ದು ಅವರ ಬಾಯಿ, ಟೈಪು ಮಾಡಿದ್ದು ನನ್ನ ಬೆರಳು.

ಅಪ್ಪ ಹೋದಮೇಲೆ ನರ್ಸ್ ಕೆಲಸ ಮಾಡಿ ನನ್ನನ್ನು ಓದಿಸಿದವಳು ಅಕ್ಕ, ನಿವೃತ್ತಿಯಾದಾಗ ಬಂದದ್ದನ್ನೆಲ್ಲ ಅಂಥದೊಂದು ಕಂಪನಿಯಲ್ಲಿಟ್ಟಳು, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬೋರ್ಡು ಕಿತ್ತ ಜಾಗದಲ್ಲಿ ನಾಲ್ಕು ಮೊಳೆ, ಅರವತ್ತೆಂಟರ ವಯಸ್ಸಿನಲ್ಲಿ ಈಗ ಯಾರದೋ ಮನೆಯ ಮುದುಕರನ್ನು ಎತ್ತಿ ಸ್ನಾನ ಮಾಡಿಸುತ್ತಾಳೆ, ಅವರಲ್ಲಿ ಇಬ್ಬರು ನನಗಿಂತ ಚಿಕ್ಕೋರು ಕಣೋ ಅಂತ ನಗುತ್ತಾಳೆ. ಸಮಿತಿಯ ಮುಂದೆ ಅಹವಾಲು ಹೇಳಲು ತಾನೇ ಅರ್ಜಿ ಹಾಕಿದಳು, ನನ್ನ ಅಕ್ಕ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ, ನಾನು ಹೇಳಲಿಲ್ಲ. ಎಷ್ಟು ಹೊತ್ತು ಕೊಡ್ತಾರೋ, ಮೂರು ನಿಮಿಷ ಅಕ್ಕಾ, ಧಾರಾಳ ಆಯ್ತು ಬಿಡು, ಅಳದೆ ಹೇಳಿದ್ರೆ ಎರಡೂವರೆ ಸಾಕು — ಸೀರೆಗೆ ಇಸ್ತ್ರಿ ಹಾಕುತ್ತಾ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಇವತ್ತು ಬೆಳಿಗ್ಗೆ ಅಧ್ಯಕ್ಷರು ಕೋಣೆಗೆ ಕರೆದು, ಏಳನೇದು ಇವತ್ತೂ ಬರೋ ಹಾಗೆ ಕಾಣಲ್ಲ ಅಲ್ವಾ, ನಿಮಗಿನ್ನು ಎಂಟೇ ತಿಂಗಳು ಸರ್ವಿಸ್ಸು, ನೆಮ್ಮದಿಯಾಗಿ ಮುಗಿಸ್ಕೊಳ್ಳಿ ಅಂದರು, ನಾನು ಕಡತ ಎತ್ತಿಕೊಂಡು ಸಭೆಗೆ ನಡೆದೆ.

ಸಭೆಯಲ್ಲಿ ಆರನೇ ವಿಷಯ ಕ್ಯಾಂಟೀನಿನ ಟೈಲ್ಸು, ಬಿಳಿಯೋ ಕೆನೆಬಣ್ಣವೋ, ನಲವತ್ತು ನಿಮಿಷ, ಒಬ್ಬರಾದಮೇಲೊಬ್ಬರು ಎದ್ದು ಹೋದರು, ಐವರಿದ್ದರೆ ಸಭೆ, ಇಲ್ಲದಿದ್ದರೆ ಇಲ್ಲ, ಒಳಗೆ ನಾಲ್ವರು, ಐದನೆಯವರು ಗಾಜಿನ ಬಾಗಿಲಾಚೆ ಫೋನಿನಲ್ಲಿ, ನನ್ನಿಂದ ಆರು ಹೆಜ್ಜೆ, ಬೆನ್ನಿನ ಮೇಲೆ ಅಂಗಿ ಬೆವರಿಗೆ ಒದ್ದೆಯಾದದ್ದೂ ಕಾಣುತ್ತಿತ್ತು. ಕಾರ್ಯದರ್ಶಿಗಳೇ, ಕೋರಂ ಇದೆಯಾ. ಒಂದು ನಿಮಿಷ ಸರ್, ಇಲ್ಲೇ ಇದ್ದಾರೆ, ಕರೀತೀನಿ — ಇಷ್ಟು ಮಾತು, ನಾಲಗೆಯ ತುದಿಗೆ ಬಂದಿತ್ತು. ಇಲ್ಲ ಸರ್, ಅಂದೆ. ಅಯ್ಯೋ ಪಾಪ, ಏನ್ಮಾಡೋಣಮ್ಮಾ, ನಿಯಮ ನೋಡಿ, ಅಂತ ಅಕ್ಕನಿಗೆ ಅನ್ನುತ್ತಾ ಅಧ್ಯಕ್ಷರು ಎದ್ದರು, ಹಿಂದಿನ ಸಾಲಿನಲ್ಲಿ ಅಕ್ಕ ಕೈ ಎತ್ತಿದಳು, ಶಾಲೆಯ ಮಕ್ಕಳ ಹಾಗೆ ನೆಟ್ಟಗೆ, ತೋಳು ಸೊರಗಿದ್ದಕ್ಕೆ ಗಡಿಯಾರ ಮೊಣಕೈವರೆಗೂ ಜಾರಿತು, ಮೈಕುಗಳ ಕೆಂಪು ದೀಪ ಒಂದೊಂದಾಗಿ ಆರಿದವು, ಕುರ್ಚಿಗಳು ಸರಿದವು, ಫೋನಿನವರು ಒಳಗೆ ಬಂದು ಮುಗೀತಾ ಅಂತ ಕೇಳಿದರು, ಕೈ ಇನ್ನೂ ಮೇಲೆಯೇ, ಅವಳು ನೋಡುತ್ತಿದ್ದದ್ದು ಅಧ್ಯಕ್ಷರನ್ನಲ್ಲ. ನಡಾವಳಿ ಬರೆಯಬೇಕು, ಕೋರಂ ಇಲ್ಲದ ಕಾರಣ ಏಳನೇ ವಿಷಯ ಚರ್ಚೆಗೆ ಬರಲಿಲ್ಲ, ಒಂದೇ ಸಾಲು, ಎಷ್ಟು ಸಲ ಬರೆದಿಲ್ಲ, ಇವತ್ತು ಪೆನ್ನು ಕೋರಂ ಅನ್ನುವಲ್ಲಿಗೆ ಬಂದರೆ ಕೈ ಕಾಣುತ್ತದೆ, ಕೆಳಗೆ ಹೋದರೆ ಅವಳೇನೂ ಕೇಳುವುದಿಲ್ಲ, ನಡಿಯೋ, ಹಸಿವಾಗಿರ್ಬೇಕು ನಿಂಗೆ ಅನ್ನುತ್ತಾಳೆ, ಕೇಳಿದ್ದರೆ ಒಳ್ಳೆಯದಿತ್ತು, ಬೈದಿದ್ದರೆ, ಒಂದು ಏಟು ಹಾಕಿದ್ದರೆ, ಲೋಟಗಳೂ ಮುಗಿದವು, ಕೈ ಇಳಿಸು ಅಕ್ಕಾ, ಎಲ್ಲರೂ ಹೋದರು, ಇಳಿಸು — ಕೋರಂ ಇಲ್ಲದ ಕಾರಣ — ಆ ಕೈ, ಗಡಿಯಾರ ಮೊಣಕೈಯಲ್ಲಿ, ಬೆರಳುಗಳು ನೆಟ್ಟಗೆ, ಕೈ —