ಸೂತಕವಿಲ್ಲದ ಮನೆ

ಎರಡೇ ಮನೆ ಉಳಿದಿದ್ದ ಆ ಬೆಟ್ಟದ ಹಳ್ಳಿಯಲ್ಲಿ ಈ ಸಲ ದೇವರಿಗೆ ಹೊಸ ವರ್ಷದ ನೈವೇದ್ಯ ಇಡಬಲ್ಲ ಮನೆ ಒಂದೇ, ಇಸೊಯೆಯದು. ಕೆಳಮನೆಯ ಕನೆಜಿಯ ಹೆಂಡತಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅಲ್ಲಿ ಸೂತಕ ಐವತ್ತು ದಿನ; ಅಷ್ಟು ದಿನ ಸೂತಕದವರು ಗುಡಿಯ ಮುಂದಿನ ‘ತೋರಿ’ ಎಂಬ ಕಮಾನು ದಾಟುವಂತಿಲ್ಲ. ಪೇಟೆಯ ಪೂಜಾರಿಗೆ ಊರೂರಿಗೊಂದು ಗುಡಿ, ಓಡಾಡಲು ಒಂದು ಹಳೆ ಕಾರು. ಹಿಮ ಬಿದ್ದಮೇಲೆ ಆತ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಯುದ್ಧದ ವರ್ಷಗಳಲ್ಲೂ ತಪ್ಪದೆ ನಡೆದ ನೈವೇದ್ಯ ಅದು. ತನ್ನ ಕಾಲದಲ್ಲಿ ನಿಂತುಹೋಗಬಾರದು ಎಂಬುದೊಂದೇ ಇಸೊಯೆಯ ಹಟ.

ಅವಳ ಮನೆಯಲ್ಲಿ ಅಣ್ಣ ತೊಕುಜಿ ಹಾಸಿಗೆ ಹಿಡಿದಿದ್ದ. ಕಾಲಿನಲ್ಲಿ ಶಕ್ತಿ ಇರುವಷ್ಟು ದಿನ ಆ ಗುಡಿಯ ಅಂಗಳ ಗುಡಿಸಿದವನು.

“ಹೆದರ್ಬೇಡ ಕಣೇ, ಹೊಸ ವರ್ಷ ಕಳೆಯೋತನಕ ನಾನು ಸಾಯಲ್ಲ. ಯಮನಿಗೆ ಜಗಲಿ ಮೇಲೆ ಕೂತು ಚಹಾ ಕುಡೀತಿರು ಅಂದಿದೀನಿ,” ಎನ್ನುತ್ತಿದ್ದ.

ಇಸೊಯೆ ನಗುತ್ತಿದ್ದಳು. ಆದರೆ ಗಂಜಿ ಕುಡಿಸುವಾಗ ಅವಳು ಬೇಡಿಕೊಳ್ಳುತ್ತಿದ್ದುದು ಅಣ್ಣ ಬದುಕಲಿ ಎಂದಲ್ಲ, ಹೊಸ ವರ್ಷದವರೆಗೆ ಹೇಗಾದರೂ ಎಳೆಯಲಿ ಎಂದು. ಒಡಹುಟ್ಟಿದವನ ಉಸಿರನ್ನು ಹೀಗೆ ಲೆಕ್ಕ ಹಾಕುವ ತನ್ನ ಬಗ್ಗೆ ಅವಳಿಗೇ ಹೇಸಿಗೆಯಾಗುತ್ತಿತ್ತು.

ವರ್ಷದ ಕೊನೆಯ ದಿನ ಅಂಟಕ್ಕಿ ಬೇಯಿಸಿ ಕುಟ್ಟಿ, ಮೋಚಿ ಉಂಡೆ ಕಟ್ಟಿ ಒಳಗೆ ಬರುವಷ್ಟರಲ್ಲಿ ತೊಕುಜಿ ಹೋಗಿಬಿಟ್ಟಿದ್ದ.

ಕರೆದೊಡನೆ ಕನೆಜಿ ಬಂದ. ಹೆಣದ ಕಣ್ಣು ಮುಚ್ಚಿಸಿದ. ಆಮೇಲೆ ಮೆಲ್ಲಗೆ ಹೇಳಿದ:

“ಇಸೊಯೆ, ನಾನಿನ್ನೂ ಬಂದಿಲ್ಲ, ಏನೂ ನೋಡಿಲ್ಲ ಅಂತ್ಲೇ ತಿಳ್ಕೊ. ನಾಳೆ ಇಡೋದನ್ನ ಈಗ್ಲೇ ಇಟ್ಟು ಬಾ. ಡಾಕ್ಟರಿಗೆ ಆಮೇಲೆ ಫೋನ್ ಮಾಡೋಣ.”

“ಈಗಷ್ಟೇ ಅವನ ಬಾಯಿ ಒರೆಸಿದ ಕೈ ಇದು, ಕನೆಜಣ್ಣ.”

“ತೊಳ್ಕೊ. ನೀರಿಗೇನು ಬರವೇ?”

ತೊಳೆದುಕೊಂಡಳು. ಹಿಮದ ನೀರಿನಲ್ಲಿ ಕೈ ಮರಗಟ್ಟುವವರೆಗೆ ತೊಳೆದು, ಮೋಚಿ, ಉಪ್ಪು, ಅಕ್ಕಿಮದ್ಯ ಇಟ್ಟ ತಟ್ಟೆ ಹಿಡಿದು ಮೇಲೆ ಹತ್ತಿದಳು. ಕನೆಜಿ ಹಿಂದೆಯೇ ಏದುಸಿರು ಬಿಡುತ್ತ ಬಂದ. ಕಮಾನಿನಾಚೆ ಗುಡಿಯ ಮಾಡು ಹಿಮದ ಭಾರಕ್ಕೆ ಒಂದು ಕಡೆ ಕುಸಿದಿತ್ತು. ಕಮಾನಿನ ಎದುರು ಇಸೊಯೆಯ ಕಾಲು ನಿಂತಿತು. ಅವಳು ಬೈದುಕೊಂಡರೂ ಅದು ಮುಂದೆ ಹೋಗಲಿಲ್ಲ.

“ಹೋಗೇ ತಾಯಿ! ಯಾರಿಗೆ ಗೊತ್ತಾಗುತ್ತೆ?”

“ಯಾರಿಗೂ ಗೊತ್ತಾಗಲ್ಲ. ತಪ್ಪು ಮಾಡಿದೆ ಅಂತ ಬೈಯೋಕೂ ಒಂದು ಜನ ಇಲ್ಲ ಇಲ್ಲಿ. ಇನ್ಯಾರಿಗೋಸ್ಕರ ಸುಳ್ಳು ಹೇಳ್ಲಿ?”



ಅವಳು ತಟ್ಟೆಯನ್ನು ಕಮಾನಿನ ಹೊರಗೆ, ಹಿಮದ ಮೇಲೆ ಇಟ್ಟಳು. ಚಪ್ಪಾಳೆ ತಟ್ಟಿ ದೇವರನ್ನು ಕರೆಯುವ ಹಕ್ಕೂ ಈಗ ಅವಳಿಗಿರಲಿಲ್ಲ. ಹಾಗಾಗಿ ಪಕ್ಕದ ಮನೆಯವರನ್ನು ಕೂಗುವಂತೆ ಕೂಗಿದಳು:

“ನಮ್ಮಪ್ಪಾ, ಕೇಳಿಸ್ತಾ? ನಿನಗೆ ಅನ್ನ ಇಡೋ ಕೈ ಇಲ್ಲಿಗೆ ಮುಗೀತು. ಮುಂದಿನ ವರ್ಷ ನಾವಿಬ್ಬರೂ ಇರ್ತೀವೋ ಇಲ್ವೋ. ಮಾಡು ಬೀಳೋಕೆ ಮುಂಚೆ ಎದ್ದು ಎಲ್ಲಾದ್ರೂ ಹೋಗು. ಮಕ್ಕಳಿರೋ ಊರಿಗೆ ಹೋಗು. ನಮ್ಮನ್ನ ಕಾಯ್ಬೇಡ.”

ಒಳಗಿನಿಂದ ಏನೂ ಕೇಳಿಸಲಿಲ್ಲ. ಕನೆಜಿ ಟೋಪಿ ತೆಗೆದು ಕಣ್ಣಿಗೆ ಒತ್ತಿಕೊಂಡ.

“ಹೋಗು ಅಂದ್ಬಿಟ್ಟೆಯಲ್ಲೇ,” ಎಂದ.

“ಅಣ್ಣನಿಗೆ ಹಾಗನ್ನೋಕೆ ಆಗ್ಲಿಲ್ಲ,” ಎಂದಳು ಇಸೊಯೆ. “ಹಿಡ್ಕೊಂಡೇ ಇದ್ದೆ.”

ಇಬ್ಬರೂ ಹೆಣ ತೊಳೆಯಲು ಕೆಳಗಿಳಿದರು.